ತೋಟದ ಮನೆಗೆ ಸಿಸಿ ಕ್ಯಾಮೆರಾ: ಕೊಡಗಿನ ಮಳೆ, ಸಿಡಿಲು ತಾಳುವ ಕೇಬಲ್ ಆರಿಸುವುದು, ಎಳೆಯುವುದು ಹೇಗೆ?

ಕೊಡಗಿನಲ್ಲಿ ಕ್ಯಾಮೆರಾ ಕೆಟ್ಟಿತೆಂದು ಇಳಿಸಿ ನೋಡಿದರೆ ಬಹಳ ಸಲ ಕ್ಯಾಮೆರಾ ಸರಿಯಾಗಿಯೇ ಇರುತ್ತದೆ. ಜಾಯಿಂಟ್‌ನಲ್ಲಿ ತಾಮ್ರ ಹಸಿರುಗಟ್ಟಿರುತ್ತದೆ, ಅಟ್ಟದಲ್ಲಿ ಇಲಿ ವೈರು ಕಡಿದಿರುತ್ತದೆ, ಇಲ್ಲವೇ ಏಪ್ರಿಲ್ ತಿಂಗಳ ಸಿಡಿಲಿಗೆ ರೆಕಾರ್ಡರಿನ ಪೋರ್ಟ್ ಸುಟ್ಟಿರುತ್ತದೆ. ಕ್ಯಾಮೆರಾ ಕೊಳ್ಳುವಾಗ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವವರು ಕೇಬಲ್ ಯಾವುದೆಂದು ಕೇಳುವುದು ಕಡಿಮೆ. ಕ್ಯಾಮೆರಾವನ್ನು ನಾಳೆ ಬದಲಿಸಬಹುದು. ಕಾಫಿ ಗಿಡಗಳ ನಡುವೆ ಹೂತ 160 ಮೀಟರ್ ಕೇಬಲ್ಲನ್ನು ಬದಲಿಸಬೇಕಾದರೆ ಮತ್ತೆ ಗುಂಡಿ ತೋಡಬೇಕು. ಆದ್ದರಿಂದ ಹಣ ಉಳಿಸಲೇಬೇಕಿದ್ದರೆ ಒಂದು ಕ್ಯಾಮೆರಾ ಕಡಿಮೆ ಹಾಕಿ, ಕೇಬಲ್‌ನಲ್ಲಿ ಉಳಿಸಬೇಡಿ.

ಕೆಲಸಕ್ಕೆ ಒಳ್ಳೆಯ ಸಮಯ ಎರಡು: ಕೊಯ್ಲು ಶುರುವಾಗುವ ಮುಂಚಿನ ನವೆಂಬರ್, ಇಲ್ಲವೇ ಹೂಮಳೆ ಬಿದ್ದು ಮಣ್ಣು ಮೆತ್ತಗಾದ ಮಾರ್ಚ್–ಏಪ್ರಿಲ್. ಜೂನ್ ಮೊದಲ ವಾರಕ್ಕೆ ಎಲ್ಲ ಪೆಟ್ಟಿಗೆ, ಎಲ್ಲ ತೂತು ಮುಚ್ಚಿರಬೇಕು. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಏಣಿ ಹತ್ತಿ ಹಾಕಿದ ಜಾಯಿಂಟ್ ಒಣಗುವುದಿಲ್ಲ. ಒಳಗೆ ಸೇರಿದ ತೇವ ಒಳಗೇ ಉಳಿಯುತ್ತದೆ.

ಮೊದಲು ಅಳತೆ

ಮನೆಯ, ಕಣದ, ಗೇಟಿನ ಒಂದು ಒರಟು ನಕ್ಷೆ ಬರೆದುಕೊಳ್ಳಿ. ಟೇಪ್ ಹಿಡಿದು ಕೇಬಲ್ ಹೋಗುವ ದಾರಿಯಲ್ಲೇ ನಡೆದು ಅಳೆಯಿರಿ. ಕಣ್ಣಿಗೆ ನೇರ ಕಾಣುವ 40 ಮೀಟರ್, ಸೂರಿನಡಿ ಸುತ್ತಿ, ಗೋಡೆ ಇಳಿದು, ರಸ್ತೆಯ ಅಂಚು ಹಿಡಿದು ಹೋಗುವಾಗ 60 ಆಗುತ್ತದೆ. ಬಂದ ಅಳತೆಗೆ ನೂರಕ್ಕೆ ಹತ್ತರಷ್ಟು ಸೇರಿಸಿ. ಜೊತೆಗೆ ರೆಕಾರ್ಡರ್ ಕಡೆ 3 ಮೀಟರ್, ಕ್ಯಾಮೆರಾ ಕಡೆ 1 ಮೀಟರ್ ಬಿಡಿ.

ರೆಕಾರ್ಡರ್ ಮತ್ತು ಪಿಒಇ ಸ್ವಿಚ್ (ಕ್ಯಾಮೆರಾ ಕೇಬಲ್‌ಗಳೆಲ್ಲ ಬಂದು ಸೇರುವ, ಅವುಗಳಲ್ಲೇ ವಿದ್ಯುತ್ತನ್ನೂ ಕಳಿಸುವ ಪೆಟ್ಟಿಗೆ) ಇಡುವ ಜಾಗವನ್ನು ಈಗಲೇ ತೀರ್ಮಾನಿಸಿ. ಮನೆಯ ಒಳಗೋಡೆಯ ಮೇಲೆ, ಇನ್ವರ್ಟರ್ ಲೈನಿಗೆ ಹತ್ತಿರ ಇರಲಿ. ಮಳೆಗಾಲದಲ್ಲಿ ಬೆವರುವ ಹೊರಗೋಡೆ, ಅಟ್ಟ, ಮೆಟ್ಟಿಲಿನ ಕೆಳಗಿನ ಮೂಲೆ ಬೇಡ.

ಇನ್ನು ಯಾವ ದಾರಿಗೆ ಯಾವ ಕೇಬಲ್ ಎಂಬುದು. ಒಂದೇ ಸೂರಿನಡಿ, 90 ಮೀಟರಿನ ಒಳಗೆ ಇದ್ದರೆ ಕ್ಯಾಟ್ 6, ಅಂದರೆ ಎಂಟು ಎಳೆಯ ತಾಮ್ರದ ನೆಟ್‌ವರ್ಕ್ ಕೇಬಲ್. ಬೇರೆ ಕಟ್ಟಡ, ಕಣ, ಗೋದಾಮು, ಗೇಟು ಇದ್ದರೆ ದೂರ 40 ಮೀಟರೇ ಆಗಿದ್ದರೂ ಫೈಬರ್, ಅಂದರೆ ಬೆಳಕಿನ ಮೂಲಕ ಚಿತ್ರ ಒಯ್ಯುವ ಗಾಜಿನ ಎಳೆಯ ಕೇಬಲ್. ದೂರ 90 ಮೀಟರ್ ದಾಟಿದರಂತೂ ಫೈಬರ್ ಬಿಟ್ಟು ಬೇರೆ ಮಾತಿಲ್ಲ. ತಾಮ್ರದ ಈಥರ್ನೆಟ್ಟಿನ ಮಿತಿ ಎರಡೂ ತುದಿಯ ಪ್ಯಾಚ್ ಕಾರ್ಡ್ (ಸಾಧನಕ್ಕೆ ಸಿಕ್ಕಿಸುವ ಸಣ್ಣ ಕೇಬಲ್) ಸೇರಿ 100 ಮೀಟರ್. ಕೆಲವು ಪಿಒಇ ಸ್ವಿಚ್‌ಗಳಲ್ಲಿ 250 ಮೀಟರ್ ಎಂದು ಬರೆದ ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ವೇಗ 10 ಎಂಬಿಪಿಎಸ್‌ಗೆ ಇಳಿಯುತ್ತದೆ. ಹೊಸ ಕೇಬಲ್‌ನಲ್ಲಿ ಒಂದು ಕ್ಯಾಮೆರಾ ಅದರಲ್ಲಿ ನಡೆಯಬಹುದು, ಆದರೆ ತೇವ ಸೇರಿದ ಹಳೆಯ ಕೇಬಲ್‌ನಲ್ಲಿ ನಂಬುವಂತಿಲ್ಲ.

ಕ್ಯಾಟ್ 6: ತಾಮ್ರವೋ, ತಾಮ್ರದ ಲೇಪವೋ?

ಪಿಒಇ ಎಂದರೆ ಒಂದೇ ಕೇಬಲ್‌ನಲ್ಲಿ ಚಿತ್ರವೂ ವಿದ್ಯುತ್ತೂ ಹೋಗುವ ವ್ಯವಸ್ಥೆ. ಇಲ್ಲಿಗೆ ಇದು ಒಗ್ಗಲು ಮುಖ್ಯ ಕಾರಣ ಕರೆಂಟ್ ಕಟ್. ಮರ ಬಿದ್ದು ಎರಡು ದಿನ ಲೈನ್ ಇಲ್ಲದಾಗ ಸ್ವಿಚ್ ಮತ್ತು ರೆಕಾರ್ಡರಿಗೆ ಮಾತ್ರ ಇನ್ವರ್ಟರ್ ಕೊಟ್ಟರೆ ಮನೆಯ ಎಲ್ಲ ಕ್ಯಾಮೆರಾ ನಡೆಯುತ್ತವೆ. ಪ್ರತಿ ಕ್ಯಾಮೆರಾದ ಬಳಿ ಅಡಾಪ್ಟರ್ ಬೇಕಿಲ್ಲ. ಸ್ವಿಚ್ 802.3ಎಎಫ್ ಮಟ್ಟದ್ದಾಗಿರಲಿ: ಪ್ರತಿ ಪೋರ್ಟಿನಲ್ಲಿ 15.4 ವ್ಯಾಟ್ ಹೊರಟು ಕ್ಯಾಮೆರಾಕ್ಕೆ ಕನಿಷ್ಠ 12.95 ವ್ಯಾಟ್ ತಲಪುತ್ತದೆ. ತಿರುಗುವ ದೊಡ್ಡ ಕ್ಯಾಮೆರಾ ಇದ್ದರೆ 30 ವ್ಯಾಟಿನ 802.3ಎಟಿ ಬೇಕು.

ಕೇಬಲ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಒಳಗಿರುವುದು ಪೂರ್ತಿ ತಾಮ್ರವೇ? ಅಗ್ಗದ ಬಾಕ್ಸ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪ ಕೊಟ್ಟಿರುತ್ತಾರೆ. ಅಂಗಡಿಯಲ್ಲಿ ಇದಕ್ಕೆ ಸಿಸಿಎ ಎನ್ನುತ್ತಾರೆ. ಅದರ ಪ್ರತಿರೋಧ ಸುಮಾರು ಒಂದೂವರೆ ಪಟ್ಟು ಹೆಚ್ಚು. ಇಲ್ಲಿನ ತೇವದಲ್ಲಿ ತುದಿಯ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕನೆಕ್ಟರಿನೊಳಗೇ ಸಂಪರ್ಕ ತಪ್ಪುತ್ತದೆ. ಗುರುತಿಸುವುದು ಕಷ್ಟವಲ್ಲ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಅದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿದರೆ ಸಿಸಿಎ ಬೇಗ ಮುರಿಯುತ್ತದೆ. ಎತ್ತಿ ನೋಡಿದರೂ ಗೊತ್ತಾಗುತ್ತದೆ, ತಾಮ್ರದ ಸಾಂದ್ರತೆ ಅಲ್ಯೂಮಿನಿಯಂನ ಮೂರು ಪಟ್ಟಿಗಿಂತ ಹೆಚ್ಚು. ನಿಖರವಾಗಿ ಬೇಕೆಂದರೆ ಮಲ್ಟಿಮೀಟರ್ ಹಿಡಿಯಿರಿ: 305 ಮೀಟರಿನ ಬಾಕ್ಸ್‌ನಲ್ಲಿ ಒಂದು ಜೋಡಿಯ ಎರಡು ಎಳೆಗಳನ್ನು ಒಂದು ತುದಿಯಲ್ಲಿ ಸೇರಿಸಿ, ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. 23 ಗೇಜಿನ ತಾಮ್ರಕ್ಕೆ ಸುಮಾರು 40, 24 ಗೇಜಿಗೆ ಸುಮಾರು 51 ಬರಬೇಕು (ಗೇಜ್ ಸಂಖ್ಯೆ ಹೆಚ್ಚಿದಷ್ಟು ಎಳೆ ತೆಳು). 60 ದಾಟಿದರೆ ಆ ಬಾಕ್ಸನ್ನು ಅಂಗಡಿಗೇ ಹಿಂದಿರುಗಿಸಿ.

ಹೊರಗೆ ಹೋಗುವ ಕೇಬಲ್ಲಿನ ಹೊರಪದರ ಕಪ್ಪು ಪಾಲಿಥಿನ್ ಇರಬೇಕು. ಆಫೀಸಿನೊಳಗೆ ಬಳಸುವ ಬೂದು, ನೀಲಿ ಪಿವಿಸಿ ಕೇಬಲ್ ಸೂರಿನ ತುದಿಯ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಆಮೇಲೆ ನೀರು ಒಳಗೆ ಹರಿಯುತ್ತದೆ. ಮಣ್ಣಿನಡಿ ತಾಮ್ರವೇ ಹೋಗಬೇಕಾದ ಅನಿವಾರ್ಯವಿದ್ದರೆ ಜೆಲ್ ತುಂಬಿದ ಕೇಬಲ್ ತನ್ನಿ. ಶೀಲ್ಡ್ (ಎಳೆಗಳ ಸುತ್ತ ಲೋಹದ ಹೊದಿಕೆ) ಇರುವ ಕೇಬಲ್ ಮನೆಗೆ ಬೇಕಿಲ್ಲ. ಅರ್ಥಿಂಗ್ ಸರಿಯಿಲ್ಲದೆ ಹಾಕಿದ ಶೀಲ್ಡಿನಿಂದ ಪ್ರಯೋಜನವಿಲ್ಲ, ಎರಡು ಕಟ್ಟಡಗಳ ಅರ್ಥಿಂಗನ್ನು ಅದರ ಮೂಲಕ ಸೇರಿಸಿದರೆ ಅಪಾಯವೇ ಹೆಚ್ಚು.

ಹಳೆಯ 3+1 ಕೇಬಲ್ ಇದ್ದವರಿಗೆ

ಅನಲಾಗ್ ಕ್ಯಾಮೆರಾಗಳ 3+1 ಕೇಬಲ್, ಅಂದರೆ ಚಿತ್ರ ಒಯ್ಯುವ ಒಂದು ಕೊಯಾಕ್ಸಿಯಲ್ ವೈರು ಮತ್ತು ಮೂರು ತೆಳು ವೈರು, ಇನ್ನೂ ಅನೇಕ ಮನೆಗಳಲ್ಲಿದೆ. ಚಿತ್ರದ ಮಟ್ಟಿಗೆ ಅದು ದೂರ ಹೋಗುತ್ತದೆ. 12 ವೋಲ್ಟ್ ಹೋಗುವುದಿಲ್ಲ. ಲೆಕ್ಕ ನೋಡಿ: 0.5 ಚದರ ಮಿ.ಮೀ. ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 38 ಓಮ್. ಕ್ಯಾಮೆರಾ 60 ಮೀಟರ್ ದೂರದಲ್ಲಿದ್ದರೆ ಹೋಗಿ ಬರಲು 120 ಮೀಟರ್, ಅಂದರೆ 4.5 ಓಮ್. ರಾತ್ರಿ ಇನ್‌ಫ್ರಾರೆಡ್ ದೀಪ ಹತ್ತಿ ಅರ್ಧ ಆಂಪಿಯರ್ ಎಳೆದಾಗ 2.3 ವೋಲ್ಟ್ ದಾರಿಯಲ್ಲೇ ಕಳೆದು ಕ್ಯಾಮೆರಾಕ್ಕೆ 9.7 ಉಳಿಯುತ್ತದೆ. 3+1ರ ಒಳವೈರು ಇದಕ್ಕಿಂತಲೂ ತೆಳು. ಹಗಲು ಸರಿಯಿದ್ದು ರಾತ್ರಿ ಆರಿ ಹತ್ತುವ ಕ್ಯಾಮೆರಾಗಳ ಗುಟ್ಟು ಬಹುಪಾಲು ಇದೇ. ವಿದ್ಯುತ್ತಿಗೆ ಬೇರೆಯಾಗಿ 1.5 ಚದರ ಮಿ.ಮೀ. ತಾಮ್ರದ ವೈರು ಎಳೆದರೆ ಅದೇ ದೂರಕ್ಕೆ ನಷ್ಟ 0.7 ವೋಲ್ಟ್‌ಗೆ ಇಳಿಯುತ್ತದೆ. ಹೊಸದಾಗಿ ಹಾಕುವವರಿಗೆ ಈ ದಾರಿ ಬೇಡ.

ಗೇಟಿಗೂ ಕಣಕ್ಕೂ ಫೈಬರ್

ಫೈಬರ್ ದುಬಾರಿ ಎಂಬ ಹೆದರಿಕೆ ಹಳೆಯದು. ಬ್ರಾಡ್‌ಬ್ಯಾಂಡ್ ಕೊಡುವ ಹುಡುಗರು ಹಳ್ಳಿಹಳ್ಳಿಗೂ ಎಳೆಯುತ್ತಿರುವುದು ಇದನ್ನೇ, ಬೆಸೆಯುವ ಯಂತ್ರವೂ ಅವರ ಬಳಿ ಇದೆ. ಸಿಂಗಲ್ ಮೋಡ್ ಬಗೆಯ, 4 ಕೋರ್ (ನಾಲ್ಕು ಗಾಜಿನ ಎಳೆ) ಇರುವ ಕೇಬಲ್ ತನ್ನಿ. ಬೇಕಾಗುವುದು ಒಂದೇ ಕೋರ್. ಉಳಿದ ಮೂರು ಮುಂದೆ ಒಂದು ಕೋರ್ ಕೆಟ್ಟಾಗ ಕೈ ಹಿಡಿಯುತ್ತವೆ, ಬೆಲೆಯ ವ್ಯತ್ಯಾಸ ಗುಂಡಿ ತೋಡುವ ಕೂಲಿಯ ಮುಂದೆ ಏನೂ ಅಲ್ಲ. ಸಾಧ್ಯವಾದರೆ ಉಕ್ಕಿನ ತಂತಿ ಇಲ್ಲದ, ಬಲಕ್ಕೆ ಫೈಬರ್‌ಗ್ಲಾಸ್ ಕಡ್ಡಿ ಇರುವ ಕೇಬಲ್ ಆರಿಸಿ. ಉಕ್ಕಿನ ತಂತಿ ಇದ್ದರೆ ಅದನ್ನು ಹೊರಗಿನ ಪೆಟ್ಟಿಗೆಯಲ್ಲೇ ಕತ್ತರಿಸಿ. ಗಾಜಿನ ಎಳೆ ಮಾತ್ರ ಮನೆಯೊಳಗೆ ಬರಲಿ, ಲೋಹ ಬರಬಾರದು.

ಎರಡು ತುದಿಗೂ ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿನ ಸಂಕೇತವಾಗಿ ಬದಲಿಸುವ ಡಬ್ಬಿ ಬೇಕು. ಒಂದೇ ಕೋರಿನಲ್ಲಿ ನಡೆಯುವ ಕನ್ವರ್ಟರ್‌ಗಳು ಜೋಡಿಯಾಗಿಯೇ ಬರುತ್ತವೆ: ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಪಡೆಯುತ್ತದೆ, ಇನ್ನೊಂದು ಅದರ ತಿರುವು. ಎರಡೂ ಒಂದೇ ಬಗೆಯದಾದರೆ ಲಿಂಕ್ ಬರುವುದಿಲ್ಲ. ಕನೆಕ್ಟರಿನ ಬಣ್ಣವನ್ನೂ ನೋಡಿ, ಹಸಿರನ್ನು ಹಸಿರಿಗೆ, ನೀಲಿಯನ್ನು ನೀಲಿಗೆ ಮಾತ್ರ ಹಾಕಬೇಕು. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು. ನೀಲಿಗೆ ಸೇರಿಸಿದರೆ ಬೆಳಕು ಸೋರುತ್ತದೆ, ತುದಿಯೂ ಹಾಳು. ಗೇಟಿನ ಕಡೆ ಬಿಡಿ ಕನ್ವರ್ಟರಿಗಿಂತ ಫೈಬರ್ ಪೋರ್ಟ್ ಇರುವ 4 ಪೋರ್ಟಿನ ಪಿಒಇ ಸ್ವಿಚ್ ಒಳ್ಳೆಯದು. ನಾಳೆ ಎರಡನೆಯ ಕ್ಯಾಮೆರಾ ಬೇಕೆನಿಸಿದರೆ ಅಲ್ಲೇ ಸೇರಿಸಬಹುದು.

ಫೈಬರ್ ವಿದ್ಯುತ್ ಒಯ್ಯುವುದಿಲ್ಲ. ಗೇಟಿನಲ್ಲಿ ಕರೆಂಟಿಗೆ ಸೋಲಾರ್ ಎಂದು ಎಲ್ಲರಿಗೂ ತೋಚುತ್ತದೆ. ಕ್ಯಾಮೆರಾ 6 ವ್ಯಾಟ್, ಸ್ವಿಚ್ 5 ವ್ಯಾಟ್ ಎಂದರೆ ದಿನಕ್ಕೆ 264 ವ್ಯಾಟ್-ಅವರ್, 12 ವೋಲ್ಟ್ ಬ್ಯಾಟರಿಯಲ್ಲಿ 22 ಆಂಪಿಯರ್-ಅವರ್. ಜುಲೈನಲ್ಲಿ ಸೂರ್ಯನ ಮುಖ ಕಾಣದ ವಾರಗಳಿಗೆ ಎಷ್ಟು ದೊಡ್ಡ ಬ್ಯಾಟರಿ ಬೇಕಾದೀತು ಎಂದು ನೀವೇ ಲೆಕ್ಕ ಹಾಕಿ. ನಾಪೋಕ್ಲು, ಭಾಗಮಂಡಲ, ಶ್ರೀಮಂಗಲದ ಕಡೆಯವರಿಗೆ ಇದು ಆಗಿಬರುವುದಿಲ್ಲ. ಮಳೆ ಕಡಿಮೆಯಿರುವ ಕುಶಾಲನಗರದ ಬದಿಯಲ್ಲಿ ಬೇಕಾದರೆ ಯೋಚಿಸಬಹುದು.

ಮನೆಯಿಂದ 230 ವೋಲ್ಟಿನ ಆರ್ಮರ್ಡ್ (ಲೋಹದ ಕವಚವಿರುವ) ಕೇಬಲ್ಲನ್ನು ಅದೇ ಕಾಲುವೆಯಲ್ಲಿ, ಬೇರೆ ಪೈಪಿನಲ್ಲಿ ಎಳೆಯುವುದು ಹೆಚ್ಚು ಭರವಸೆಯದು. ಫೈಬರಿನಲ್ಲಿ ಲೋಹ ಇಲ್ಲದ್ದರಿಂದ ಪಕ್ಕದಲ್ಲಿ ಕರೆಂಟ್ ಇದ್ದರೂ ಅಡ್ಡಿಯಿಲ್ಲ. ಹೊರೆ ಸಣ್ಣದು, 3 ಕೋರ್ 1.5 ಚದರ ಮಿ.ಮೀ. ಸಾಕು, ಮನೆಯಲ್ಲಿ ಆ ಲೈನಿಗೇ ಬೇರೆ 6 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಮತ್ತು ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರಿದ ವೋಲ್ಟೇಜನ್ನು ಅರ್ಥಿಗೆ ಹರಿಸುವ ಸಾಧನ) ಹಾಕಿಸಿ. ಸರ್ಜ್ ಪ್ರೊಟೆಕ್ಟರ್ ಬಿಡಬೇಡಿ, ಸಿಡಿಲು ಮನೆಯೊಳಗೆ ಬರಲು ಈ ಲೈನೂ ಒಂದು ದಾರಿ. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ತೋಟದ ಲೈನಿನಲ್ಲಿ ವೋಲ್ಟೇಜ್ ಬಿದ್ದರೂ ನಡೆಯುವಂತೆ 100–240 ವೋಲ್ಟ್ ಎಂದು ಬರೆದ ಅಡಾಪ್ಟರನ್ನೇ ಕೊಳ್ಳಿ.

ಕಾಲುವೆ, ಪೈಪು

ಮರದಿಂದ ಮರಕ್ಕೆ ಕಟ್ಟಿ ಮೇಲೆ ಎಳೆದರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ನೆರಳು ಮರದ ಕಪಾತು ಶುರುವಾದಾಗ ಮೊದಲ ಕೊಂಬೆಗೇ ಅದು ಹೋಗುತ್ತದೆ, ಉಳಿದರೆ ಮಳೆಗಾಲದ ಗಾಳಿಗೆ. ಆನೆ ಓಡಾಡುವ ತೋಟಗಳಲ್ಲಿ ಸಿಲ್ವರ್ ಓಕನ್ನೂ ನೆಚ್ಚುವಂತಿಲ್ಲ. ಹೂಳುವುದೇ ಸರಿ.

ಕಾಲುವೆ ರಸ್ತೆಯ ಅಂಚಿನಲ್ಲಿ ಹೋಗಲಿ, ಕಾಫಿ ಸಾಲಿನೊಳಗೆ ಬೇಡ. ಕಾಫಿಯ ಆಹಾರ ಹೀರುವ ಬೇರುಗಳ ಬಹುಪಾಲು ಮೇಲಿನ ಒಂದಡಿಯಲ್ಲೇ ಇರುತ್ತದೆ. ಅವನ್ನು ಕಡಿದರೆ ಗಿಡಕ್ಕೆ ನಷ್ಟ. ಅಗತೆ ಮಾಡುವಾಗ ಗುದ್ದಲಿ ಬೀಳುವುದೂ ಅಲ್ಲೇ. ಆಳ 2 ಅಡಿ ಇರಲಿ, ಬಂಡೆ ಸಿಕ್ಕಲ್ಲಿ ಒಂದೂವರೆಗೆ ಇಳಿಸಿ ಮೇಲೆ ಕಾಂಕ್ರೀಟ್ ಹೊದಿಸಿ. ಕಾಡುಹಂದಿ ಕೆದಕುವುದು ಮೇಲ್ಮಣ್ಣನ್ನು, 2 ಅಡಿ ಕೆಳಗಿನ ಪೈಪಿಗೆ ಅದರಿಂದ ಭಯವಿಲ್ಲ. ಲಾರಿ ದಾಟುವ ಜಾಗದಲ್ಲಿ ಜಿಐ ಪೈಪು ಹಾಕಿ.

ಕೇಬಲ್ಲಿಗೆ 32 ಮಿ.ಮೀ. ಎಚ್‌ಡಿಪಿಇ ಪೈಪು. ಸ್ಪ್ರಿಂಕ್ಲರ್ ಸಾಮಾನು ಮಾರುವ ಅಂಗಡಿಗಳಲ್ಲಿ ಸುರುಳಿಯಾಗಿ ಸಿಗುತ್ತದೆ, ಜಾಯಿಂಟ್ ಕಡಿಮೆ ಬೀಳುತ್ತದೆ. ಪೈಪು ಇಳಿಸುವ ಮುನ್ನ ತಳಕ್ಕೆ ಎರಡು ಇಂಚು ಮರಳೋ ಜರಡಿ ಹಿಡಿದ ಮಣ್ಣೋ ಹಾಕಿ. ಜಂಬಿಟ್ಟಿಗೆಯ ಚೂಪು ಅಂಚು ಪೈಪನ್ನು ಒತ್ತಬಾರದು. ಒಳಗೆ ನೈಲಾನ್ ಹಗ್ಗ ಮೊದಲೇ ಹಾಕಿಡಿ. ಕೇಬಲ್ ಎಳೆಯುವಾಗ ಅದರ ಬಾಲಕ್ಕೆ ಇನ್ನೊಂದು ಹಗ್ಗ ಕಟ್ಟಿ ಬಿಟ್ಟರೆ ಮುಂದಿನ ಸಲಕ್ಕೆ ದಾರಿ ಸಿದ್ಧ. ಪ್ರತಿ 30 ಮೀಟರಿಗೆ ಮತ್ತು ಪ್ರತಿ ತಿರುವಿಗೆ ಒಂದು ಚೇಂಬರ್ (ಕೇಬಲ್ ಎಳೆಯಲು, ನೋಡಲು ತೆರೆಯಬಹುದಾದ ಸಣ್ಣ ತೊಟ್ಟಿ) ಕಟ್ಟಿ, ತಳಕ್ಕೆ ಸಿಮೆಂಟ್ ಹಾಕದೆ ಜಲ್ಲಿ ತುಂಬಿ. ನೀರು ಬರುವುದನ್ನು ತಡೆಯಲಾಗುವುದಿಲ್ಲ, ಇಂಗಿ ಹೋಗಲು ದಾರಿ ಕೊಡಬೇಕು. ಹೂತ ಪೈಪಿನೊಳಗೆ ಕೇಬಲ್ ಜಾಯಿಂಟ್ ಮಾತ್ರ ಎಂದಿಗೂ ಬೇಡ.

ಇಳಿಜಾರಿನಲ್ಲಿ ಒಂದು ಎಚ್ಚರ ಬಹಳ ಮುಖ್ಯ. ಸಡಿಲ ಮಣ್ಣು ತುಂಬಿದ ಕಾಲುವೆ ಮಳೆಗಾಲದಲ್ಲಿ ತೋಡಾಗುತ್ತದೆ. ನೀರು ಅದರಲ್ಲೇ ಇಳಿದು ಬರೆಯನ್ನು (ಕಡಿದಾದ ಮಣ್ಣಿನ ದಿಬ್ಬವನ್ನು) ಒಳಗಿನಿಂದ ಮೆತ್ತಗೆ ಮಾಡುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ಕಂಡ ಜಿಲ್ಲೆ ನಮ್ಮದು. ಮಣ್ಣನ್ನು ಅರ್ಧರ್ಧ ಅಡಿ ತುಂಬಿ ದಮ್ಮಸ್ಸು ಮಾಡಿ, ಪ್ರತಿ 5 ಮೀಟರಿಗೆ ಅಡ್ಡಲಾಗಿ ಕಲ್ಲಿನ ಅಥವಾ ಮಣ್ಣು ಚೀಲದ ತಡೆ ಇಡಿ. ಕಡಿದಾದ ಬರೆಯ ನೆತ್ತಿಯಲ್ಲಿ ಕಾಲುವೆ ತೋಡುವುದು ಬೇಡವೇ ಬೇಡ, ಸುತ್ತಿ ಹೋಗಿ.

ಎಷ್ಟು ತರಬೇಕು?

ಮನೆಗೆ 4, ಮನೆಯಿಂದ 60 ಮೀಟರ್ ದೂರದ ಕಣಕ್ಕೆ 1, 160 ಮೀಟರ್ ದೂರದ ಗೇಟಿಗೆ 1 ಕ್ಯಾಮೆರಾ ಎಂದಿಟ್ಟುಕೊಳ್ಳಿ. ಮನೆಯ ನಾಲ್ಕು ದಾರಿ 18, 25, 30, 32 ಮೀಟರ್ ಆದರೆ ಒಟ್ಟು 105. ಹೆಚ್ಚುವರಿ ಸೇರಿಸಿ ಸುಮಾರು 132. ಸಣ್ಣ ಸುರುಳಿಗಳನ್ನು ಸೇರಿಸುವುದಕ್ಕಿಂತ 305 ಮೀಟರಿನ ಒಂದು ಬಾಕ್ಸ್ ತನ್ನಿ. ಗೇಟು ಮತ್ತು ಕಣದ ಪೆಟ್ಟಿಗೆಯಿಂದ ಕ್ಯಾಮೆರಾಕ್ಕೆ ಬೇಕಾದ ತುಂಡೂ ಅದರಲ್ಲೇ ಆಗುತ್ತದೆ. ಫೈಬರ್ 220 ಮೀಟರ್, ಹತ್ತನೇ ಒಂದು ಭಾಗ ಹೆಚ್ಚುವರಿ, ನಾಲ್ಕು ತುದಿಗೂ ತಲಾ 10 ಮೀಟರ್ ಸಡಿಲ ಸೇರಿ 282, ಅಂದರೆ 300 ಮೀಟರ್. ಎಚ್‌ಡಿಪಿಇ ಪೈಪು ಫೈಬರಿಗೆ 230 ಮೀಟರ್, ಕರೆಂಟಿನ ಕೇಬಲ್ಲಿಗೆ ಅಷ್ಟೇ. ನೇರ ದಾರಿಯಲ್ಲಿ ಚೇಂಬರ್ 6, ತಿರುವಿಗೆ ಬೇರೆ. ಕ್ಯಾಟ್ 6ರ ತುದಿಗೆ ಹಾಕುವ ಆರ್‌ಜೆ45 ಕನೆಕ್ಟರ್ 30, ಹಾಳಾಗುವುದನ್ನೂ ಸೇರಿಸಿ. ಪ್ರತಿ ಕ್ಯಾಮೆರಾಕ್ಕೆ ಒಂದು 5 ಇಂಚಿನ ಪಿವಿಸಿ ಪೆಟ್ಟಿಗೆ ಮತ್ತು ಕೇಬಲ್ ಗ್ಲ್ಯಾಂಡ್ (ಕೇಬಲ್ ಒಳಹೋಗುವಲ್ಲಿ ನೀರು ತಡೆಯುವ ಬಿಗಿ ಬಿರಡೆ).

ಮನೆಯ ಒಳಹೊರಗೆ

ಹೆಂಚಿನ ಮನೆಯಲ್ಲಿ ಸೂರಿನಡಿಯೇ ರಾಜಮಾರ್ಗ. ಪಕಾಸುಗಳಿಗೆ ಅಡ್ಡಲಾಗಿ 20 ಮಿ.ಮೀ. ಪಿವಿಸಿ ಪೈಪು ಕೂರಿಸಿ, ಒಂದೂವರೆ ಅಡಿಗೊಂದು ಸ್ಯಾಡಲ್ ಹೊಡೆಯಿರಿ. ಹೆಂಚಿನ ಮೇಲೆ ಕೇಬಲ್ ಹಾಯಿಸಬೇಡಿ, ಹೆಂಚು ತೆಗೆಯುವ ದಿನ ಅದು ಕತ್ತರಿಸಿ ಹೋಗುತ್ತದೆ. ಅಟ್ಟದಲ್ಲಿ ಬರಿ ಕೇಬಲ್ ಬಿಟ್ಟರೆ ಇಲಿ ಬಿಡುವುದಿಲ್ಲ, ಅಲ್ಲಿ ಪೈಪು ಕಡ್ಡಾಯ. ಐನ್‌ಮನೆಯಲ್ಲಿ (ಕೊಡವ ಕುಟುಂಬದ ಮೂಲಮನೆ) ಕೆತ್ತನೆಯ ಕಂಬಕ್ಕೂ ಬಾಗಿಲವಾಡಕ್ಕೂ ಒಂದು ಮೊಳೆಯನ್ನೂ ಹೊಡೆಯಬೇಡಿ. ಹೊರಸೂರಿನ ಹೊಸ ರೀಪಿನಿಂದ ಹೊಂದಿಸಿಕೊಳ್ಳಿ, ಕ್ಯಾಮೆರಾ ಎರಡಡಿ ಆಚೀಚೆ ಆದರೆ ಏನೂ ಕೆಡುವುದಿಲ್ಲ.

ಗೋಡೆಗೆ ತೂತು ಕೊರೆಯುವಾಗ ಒಳಗೆ ಎತ್ತರ, ಹೊರಗೆ ತಗ್ಗು ಇರುವಂತೆ ಓರೆಯಾಗಿ ಕೊರೆಯಿರಿ. ಕೇಬಲ್ ತೂತಿಗೆ ಹೋಗುವ ಮುನ್ನ ಅದನ್ನು ತೂತಿಗಿಂತ ಅರ್ಧ ಅಡಿ ಕೆಳಗೆ ಇಳಿಸಿ ಮೇಲೆ ತನ್ನಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ತೂತಿಗೆ ಸಿಲಿಕಾನ್ ತುಂಬಿ. ಇಲ್ಲದಿದ್ದರೆ ನೀರಲ್ಲದೆ ಇರುವೆಯೂ ಬರುತ್ತದೆ.

230 ವೋಲ್ಟಿನ ವೈರು ಮತ್ತು ಕ್ಯಾಟ್ 6 ಒಂದೇ ಪೈಪಿನಲ್ಲಿ ಇರಬಾರದು. ಸಮಾನಾಂತರವಾಗಿ ಹೋಗುವಲ್ಲಿ ಒಂದಡಿ ಅಂತರ, ದಾಟುವಲ್ಲಿ ನೇರ ಅಡ್ಡ. ಸೋಲಾರ್ ಬೇಲಿಯ ತಂತಿಯಿಂದ ಇನ್ನೂ ದೂರ ಇಡಿ, ಅದರಲ್ಲಿ ಕ್ಷಣಕ್ಷಣಕ್ಕೂ ಸಾವಿರಾರು ವೋಲ್ಟಿನ ಹೊಡೆತ ಓಡುತ್ತದೆ. ಕೇಬಲ್ ಎಳೆಯುವಾಗ ಬಲ 11 ಕಿಲೋ ಮೀರಬಾರದು. ತಿರುವು ಒಂದು ಇಂಚಿಗಿಂತ ಕಡಿಮೆ ತ್ರಿಜ್ಯಕ್ಕೆ ಬಗ್ಗಬಾರದು.

ತುದಿ ಕಟ್ಟುವುದು

ಹೊರಪದರ ಸುಲಿದು ಎಳೆಗಳನ್ನು ಈ ಕ್ರಮದಲ್ಲಿ ಹೊಂದಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೂ ಇದೇ. ಎರಡೂ ಕಡೆ ಒಂದೇ ಇದ್ದರೆ ಯಾವ ಕ್ರಮವಾದರೇನು ಎಂದು ಕೆಲವರು ಬಣ್ಣ ಬಣ್ಣ ಜೋಡಿಸಿ ಬಿಡುತ್ತಾರೆ. ಎಂಟು ದೀಪದ ಟೆಸ್ಟರ್ ಅದನ್ನೂ ಸರಿ ಎನ್ನುತ್ತದೆ. ಆದರೆ 3 ಮತ್ತು 6ನೇ ಎಳೆ ಒಂದೇ ಹೆಣೆದ ಜೋಡಿಯವಾಗಿರದಿದ್ದರೆ ದೂರ ಹೆಚ್ಚಾದಂತೆ ಚಿತ್ರ ತುಂಡಾಗುತ್ತದೆ. ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಡಿಸಬೇಡಿ. ಹೊರಪದರ ಕನೆಕ್ಟರಿನೊಳಗೆ ಹೋಗಿ ಅದರ ಹಿಡಿತಕ್ಕೆ ಸಿಕ್ಕಿರಬೇಕು.

ಕ್ಯಾಮೆರಾದ ಬಾಲ ಮತ್ತು ಕೇಬಲ್ ಸೇರುವ ಜಾಗ ಪೆಟ್ಟಿಗೆಯೊಳಗೇ ಇರಲಿ. ಕೇಬಲ್ ಪೆಟ್ಟಿಗೆಯ ಕೆಳಬದಿಯಿಂದ, ಗ್ಲ್ಯಾಂಡ್ ಮೂಲಕ ಬರಬೇಕು. ಕ್ಯಾಮೆರಾ ಜೊತೆ ಬರುವ ಜಲನಿರೋಧಕ ಮುಚ್ಚಳವನ್ನು ಬಹಳ ಮಂದಿ ಬಿಸಾಡುತ್ತಾರೆ. ಅದನ್ನು ಕ್ರಿಂಪ್ ಮಾಡುವ (ಕನೆಕ್ಟರನ್ನು ಒತ್ತಿ ಕೂರಿಸುವ) ಮೊದಲೇ ಕೇಬಲ್ಲಿಗೆ ಪೋಣಿಸಿ ಬಳಸಿ. ಮೇಲೆ ಸುತ್ತಲು ಮಾಮೂಲಿ ಪಿವಿಸಿ ಟೇಪ್ ಬೇಡ, ಇಲ್ಲಿನ ತೇವಕ್ಕೆ ಅದರ ಅಂಟು ಬಿಡುತ್ತದೆ. ಎಳೆದು ಸುತ್ತಿದಾಗ ತನ್ನಲ್ಲೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಕೇಳಿ ತನ್ನಿ.

ಸಿಡಿಲು

ಏಪ್ರಿಲ್–ಮೇ ಮತ್ತು ಅಕ್ಟೋಬರಿನ ಗುಡುಗು ಮಳೆ ಕ್ಯಾಮೆರಾಗಳಿಗೆ ಅತಿ ಕೆಟ್ಟ ಕಾಲ. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ, ಹತ್ತಿರದ ಮರಕ್ಕೆ ಬಡಿದರೂ ಉದ್ದದ ತಾಮ್ರದಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಹೂತ ತಾಮ್ರವೂ ಇದಕ್ಕೆ ಹೊರತಲ್ಲ. ಫೈಬರ್‌ಗೆ ಮತ್ತೆ ಮತ್ತೆ ಒತ್ತು ಕೊಡುವುದು ಈ ಕಾರಣಕ್ಕೆ. ತಾಮ್ರ ಹೊರಗೆ ಹೋಗಲೇಬೇಕಾದಲ್ಲಿ ಎರಡೂ ತುದಿಗೆ ಈಥರ್ನೆಟ್ ಸರ್ಜ್ ಪ್ರೊಟೆಕ್ಟರ್ ಹಾಕಿ ಅರ್ಥಿಂಗ್ ಕೊಡಿ. ಅರ್ಥ್ ಇಲ್ಲದ ಪ್ರೊಟೆಕ್ಟರ್ ಖಾಲಿ ಡಬ್ಬಿ. ನೇರ ಹೊಡೆತವನ್ನು ಅದೂ ತಡೆಯಲಾರದು. ಒಂದು ಕಟ್ಟಡದ ಅರ್ಥ್‌ಗಳೆಲ್ಲ ಒಂದಕ್ಕೊಂದು ಸೇರಿರಬೇಕು. ಸೋಲಾರ್ ಬೇಲಿಯ ಅರ್ಥ್ ಮಾತ್ರ ಬೇರೆಯಾಗಿ, ಕನಿಷ್ಠ 10 ಮೀಟರ್ ದೂರದಲ್ಲಿರಬೇಕು.

ಪರೀಕ್ಷೆ, ಆಮೇಲೆ ಬರುವ ತೊಂದರೆಗಳು

ಪೆಟ್ಟಿಗೆ ಮುಚ್ಚುವ ಮೊದಲೇ ಪರೀಕ್ಷಿಸಿ, ಅದೂ ಕತ್ತಲಾದ ಮೇಲೆ. ಇನ್‌ಫ್ರಾರೆಡ್ ಹತ್ತಿ ಕ್ಯಾಮೆರಾ ಪೂರ್ತಿ ವಿದ್ಯುತ್ ಎಳೆಯುವಾಗ ಒಂದು ಗಂಟೆ ಬಿಟ್ಟು ನೋಡಿ. ಪ್ರತಿ ಕೇಬಲ್ಲಿನ ಎರಡೂ ತುದಿಗೆ ಸಂಖ್ಯೆ ಕಟ್ಟಿ, ಕಾಲುವೆ ಮುಚ್ಚುವ ಮುನ್ನ ಪೈಪಿನ ದಾರಿಯ ಫೋಟೋ ತೆಗೆದಿಡಿ. ಮುಂದೆ ಜೆಸಿಬಿ ಬರುವ ದಿನ ಅದು ಬೇಕಾಗುತ್ತದೆ.

ಮಳೆ ಬಂದಾಗ ಮಾತ್ರ ಚಿತ್ರ ಹೋಗುತ್ತಿದ್ದರೆ ಜಾಯಿಂಟ್‌ಗೆ ನೀರು ಸೇರಿದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರಷ್ಟೇ ಸಾಲದು, ನೀರು ಹೊರಪದರದೊಳಗೆ ಬಹುದೂರ ಸರಿದಿರುತ್ತದೆ. ತಾಮ್ರ ಹೊಳೆಯುವವರೆಗೆ ಕತ್ತರಿಸುತ್ತ ಹೋಗಿ; ಕ್ಯಾಮೆರಾ ಕಡೆ ಬಿಟ್ಟ 1 ಮೀಟರ್ ಕೆಲಸಕ್ಕೆ ಬರುವುದು ಆಗ. ಗುಡುಗಿನ ಮರುದಿನ ಒಂದೇ ಕ್ಯಾಮೆರಾ ಸತ್ತಿದ್ದರೆ ಅದರ ಕೇಬಲ್ಲನ್ನು ಸ್ವಿಚ್ಚಿನ ಬೇರೆ ಪೋರ್ಟಿಗೆ ಹಾಕಿ ನೋಡಿ, ಪೋರ್ಟ್ ಮಾತ್ರ ಹೋಗಿರಬಹುದು. ರಾತ್ರಿ ಚಿತ್ರ ಬೆಳ್ಳಗೆ ಮಬ್ಬಾದರೆ ಕೇಬಲ್ ಬಿಚ್ಚಬೇಡಿ. ಲೆನ್ಸ್ ಮುಂದಿನ ಜೇಡರ ಬಲೆ ಒರೆಸಿ, ಇಲ್ಲವೇ ಮಂಜು ಇಳಿದಿದೆಯೇ ನೋಡಿ.

ಫೈಬರಿನ ಕನ್ವರ್ಟರಿನಲ್ಲಿ ಲಿಂಕ್ ದೀಪ ಹತ್ತದಿದ್ದರೆ ಮೊದಲು ಕನೆಕ್ಟರಿನ ತುದಿಯನ್ನು ಆಲ್ಕೋಹಾಲಿನಿಂದ ಒರೆಸಿ, ಆಮೇಲೆ ಪೆಟ್ಟಿಗೆಯೊಳಗಿನ ಸುರುಳಿ ನೋಡಿ. 6 ಸೆಂ.ಮೀ. ವ್ಯಾಸಕ್ಕಿಂತ ಬಿಗಿಯಾಗಿ ಸುತ್ತಿದ್ದರೆ ಸಡಿಲಿಸಿ. ಬೆಳಕು ಬರುತ್ತಿದೆಯೇ ಎಂದು ತುದಿಯೊಳಗೆ ಇಣುಕಬೇಡಿ, ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾಡಬಹುದು. ಇಷ್ಟಾಗಿಯೂ ಬರದಿದ್ದರೆ ಬೆಸೆಯುವವರನ್ನು ಕರೆಸಿ, ಪವರ್ ಮೀಟರಿನಲ್ಲಿ ನಾಲ್ಕೂ ಕೋರ್ ಅಳೆಯಲು ಹೇಳಿ. ಒಂದು ಒಡೆದಿದ್ದರೆ ಎರಡೂ ತುದಿಯಲ್ಲಿ ಮುಂದಿನ ಬಣ್ಣದ ಕೋರಿಗೆ ಬದಲಿಸಿದರೆ ಸಾಕು, ಗುದ್ದಲಿ ಮುಟ್ಟಬೇಕಿಲ್ಲ.